ಜ್ಯೂರಿಗೆ ಕರೆದು, ಕಾರಣ ಹೇಳದೆ ವಾಪಸ್ ಕಳಿಸಿದರು. ಹೀಗೆ ಮಾಡಬಹುದಾ?

ಕಾವೇರಿ_ಕಣಿವೆ:
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಸಿಟಿಜನ್‌ಶಿಪ್ ತಗೊಂಡಿರುವ ಕನ್ನಡಿಗರು ಇದನ್ನು ಸ್ವಲ್ಪ ಓದಿ.

ನಾನು ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಇತ್ತೀಚೆಗೆ ಜ್ಯೂರಿ ಸಮನ್ಸ್ ಬಂತು (ಜ್ಯೂರಿ ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಪು ಹೇಳುವ ಸಾಮಾನ್ಯ ಜನರ ಗುಂಪು), ಹೋದೆ. ಹಲ್ಲೆ ಕೇಸು. ಹೆಸರು ಕರೆದು ಬಾಕ್ಸಿನಲ್ಲಿ ಕೂರಿಸಿದರು. ಜಡ್ಜ್ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಆಮೇಲೆ ಸರ್ಕಾರಿ ಕಡೆಯ ಲಾಯರ್ ಎದ್ದು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಕೇಳಿದರು. ಕನ್ನಡ ಅಂದೆ. ಸಾಕ್ಷಿಗಳು ಇಂಗ್ಲಿಷಿನಲ್ಲಿ ಜೋರಾಗಿ ಮಾತಾಡಿದರೆ ಅರ್ಥ ಆಗುತ್ತಾ ಅಂತ ಇನ್ನೊಂದು ಪ್ರಶ್ನೆ. ನಾನು ಫಾರ್ಮಸಿಸ್ಟ್, ದಿನವಿಡೀ ಡಾಕ್ಟರುಗಳ ಜೊತೆ, ರೋಗಿಗಳ ಜೊತೆ ಇಂಗ್ಲಿಷಿನಲ್ಲೇ ಮಾತಾಡುವವಳು, ಹಾಗಂತಲೂ ಹೇಳಿದೆ. ಅಕ್ಕಪಕ್ಕ ಕೂತಿದ್ದ ಬಿಳಿಯರಿಗೆ ಯಾರಿಗೂ ಆ ಪ್ರಶ್ನೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ನಂಬರ್ ಹೇಳಿ, ಥ್ಯಾಂಕ್ಸ್ ಹೇಳಿ, ಹೋಗಿ ಅಂದರು. ಕಾರಣ ಇಲ್ಲ.

ಮನೆಯವರು, ಫ್ರೆಂಡ್ಸು ಎಲ್ಲ ಬಿಡು ಒಳ್ಳೇದಾಯ್ತು, ರಜೆ ಉಳಿಯಿತು ಅಂತಾರೆ. ನನಗೆ ಹಾಗೆ ಅನಿಸುತ್ತಿಲ್ಲ. ಹೀಗೆ ಕಾರಣ ಹೇಳದೆ ಕಳಿಸುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆಯಾ?

ತೀರ್ಥಹಳ್ಳಿ_ಲಾಯರ್:
ಅವಕಾಶ ಇದೆ ಮೇಡಂ, ಆದರೆ ಅದಕ್ಕೊಂದು ಮಿತಿಯೂ ಇದೆ. ನಿಮ್ಮ ವಿಷಯದಲ್ಲಿ ಆ ಮಿತಿ ದಾಟಿದ್ದಾರೆ ಅಂತ ವಾದ ಮಾಡಬಹುದಿತ್ತು. ನಾನು ಇಲ್ಲೇ ಡಿಫೆನ್ಸ್ ಕಡೆ, ಅಂದರೆ ಆರೋಪಿಗಳ ಪರ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಜ್ಯೂರಿ ಆರಿಸುವಾಗ ಒಬ್ಬರನ್ನು ತೆಗೆಯುವುದಕ್ಕೆ ಎರಡು ದಾರಿ. ಒಂದು, ಕಾರಣ ಕೊಟ್ಟು ತೆಗೆಸುವುದು. ಆರೋಪಿ ನನ್ನ ಭಾವಮೈದ, ಪೊಲೀಸರು ಹೇಳಿದ್ದೆಲ್ಲ ನಿಜ ಅಂತ ನಂಬುತ್ತೇನೆ, ಹೀಗೆ ಏನಾದರೂ ಬಾಯಿಂದ ಬಂದರೆ ಜಡ್ಜ್ ಒಪ್ಪಿ ಕಳಿಸುತ್ತಾರೆ. ಇದಕ್ಕೆ ಲೆಕ್ಕದ ಮಿತಿ ಇಲ್ಲ, ಎಷ್ಟು ಜನರನ್ನು ಬೇಕಾದರೂ ತೆಗೆಸಬಹುದು. ಇನ್ನೊಂದು ಪೆರೆಂಪ್ಟರಿ ಚಾಲೆಂಜ್. ಕಾರಣ ಹೇಳಬೇಕಾಗಿಲ್ಲ, ಆದರೆ ಎಷ್ಟು ಅಂತ ಲೆಕ್ಕ ಇದೆ. ಕ್ಯಾಲಿಫೋರ್ನಿಯಾದಲ್ಲಿ ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಕೇಸಿನಲ್ಲಿ ಎರಡೂ ಕಡೆಗೆ ತಲಾ 20, ಉಳಿದ ದೊಡ್ಡ ಕೇಸುಗಳಲ್ಲಿ ತಲಾ 10. ಫೆಡರಲ್ ಕೋರ್ಟಿನಲ್ಲಿ ಸಾಮಾನ್ಯ ಫೆಲೊನಿ (ಗಂಭೀರ ಅಪರಾಧ) ಕೇಸಿಗೆ ಸರ್ಕಾರಕ್ಕೆ 6, ಆರೋಪಿಗೆ 10. ನಿಮ್ಮನ್ನು ಕಳಿಸಿದ್ದು ಈ ಎರಡನೇ ದಾರಿಯಲ್ಲಿ.

ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವರ್ಣೀಯರನ್ನು ಜ್ಯೂರಿಯಿಂದ ದೂರ ಇಡುವುದಕ್ಕೆ ಬಳಕೆಯಾಗಿದ್ದು ಈ ಕಾರಣ ಕೇಳದ ದಾರಿಯೇ. ಬಿಳಿ ಗಂಡಸರು ಮಾತ್ರ ಜ್ಯೂರಿ ಆಗಬಹುದು ಅನ್ನುವ ವೆಸ್ಟ್ ವರ್ಜೀನಿಯಾದ ಕಾನೂನನ್ನು ಸುಪ್ರೀಂ ಕೋರ್ಟ್ 1880ರಲ್ಲೇ ಹೊಡೆದು ಹಾಕಿತ್ತು. ಆಮೇಲೆ ಪಟ್ಟಿಯಲ್ಲಿ ಹೆಸರು ಇರುತ್ತಿತ್ತು, ಕೋರ್ಟಿಗೆ ಕರೆಯುತ್ತಿದ್ದರು, ಕೊನೆಗೆ ಪೆರೆಂಪ್ಟರಿ ಬಳಸಿ ಒಬ್ಬೊಬ್ಬರನ್ನೇ ಕಳಿಸುತ್ತಿದ್ದರು. 1965ರಲ್ಲಿ ಸ್ವೇನ್ ಅನ್ನುವ ಅಲಬಾಮಾ ಕೇಸು ಬಂತು. ಆ ಕೌಂಟಿಯಲ್ಲಿ ಸುಮಾರು 1950ರಿಂದ ಒಬ್ಬ ಕಪ್ಪು ವರ್ಣೀಯನೂ ವಿಚಾರಣೆಯ ಜ್ಯೂರಿಯಲ್ಲಿ ಕೂತಿರಲಿಲ್ಲ. ಆದರೂ ಕೋರ್ಟ್, ನಿನ್ನ ಒಂದು ಕೇಸು ತೋರಿಸಿದರೆ ಸಾಲದು, ಈ ಪ್ರಾಸಿಕ್ಯೂಟರ್ (ಸರ್ಕಾರಿ ಕಡೆಯ ಲಾಯರ್) ಕೇಸಿನ ಮೇಲೆ ಕೇಸಿನಲ್ಲಿ ಹೀಗೆ ಮಾಡಿದ್ದಾನೆ ಅಂತ ಸಾಬೀತು ಮಾಡು ಅಂತು. ಬಡ ಆರೋಪಿಗೆ ಆ ದಾಖಲೆಗಳೆಲ್ಲ ಎಲ್ಲಿ ಸಿಗಬೇಕು?

ಅದು ಬದಲಾಗಿದ್ದು 1986ರ ಬ್ಯಾಟ್ಸನ್ ತೀರ್ಪಿನಲ್ಲಿ. ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆದ ಕಳ್ಳತನದ ಕೇಸು. ಪ್ರಾಸಿಕ್ಯೂಟರ್ ನಾಲ್ಕೂ ಜನ ಕಪ್ಪು ವರ್ಣೀಯರನ್ನು ತೆಗೆದರು, ಉಳಿದಿದ್ದು ಪೂರ್ತಿ ಬಿಳಿಯರ ಜ್ಯೂರಿ. ಸುಪ್ರೀಂ ಕೋರ್ಟ್ 7-2ರಲ್ಲಿ ಇದು ತಪ್ಪು ಅಂದಿತು. ಅವತ್ತಿನಿಂದ ಹೀಗೆ: ತಾರತಮ್ಯದ ಸುಳಿವು ಇದೆ ಅಂತ ಎದುರು ಪಕ್ಷ ಮೊದಲು ತೋರಿಸಬೇಕು, ಆಗ ತೆಗೆದವರು ಜನಾಂಗಕ್ಕೆ ಸಂಬಂಧ ಇಲ್ಲದ ಕಾರಣ ಹೇಳಬೇಕು, ಆಮೇಲೆ ಬೇಕಂತಲೇ ತಾರತಮ್ಯ ಮಾಡಿದ್ದಾರಾ ಅಂತ ಜಡ್ಜ್ ತೀರ್ಮಾನ ಮಾಡಬೇಕು.

ಸಿಯಾಟಲ್_ಸಂಪಿಗೆ:
ಸರ್, ಕೊನೆಗೆ ಹೇಳಿದಿರಲ್ಲ, ಬೇಕಂತಲೇ ಅಂತ, ಅಲ್ಲೇ ಸಮಸ್ಯೆ ಇರುವುದು. ಇನ್ನೊಬ್ಬರ ಮನಸ್ಸಿನೊಳಗೆ ಏನಿತ್ತು ಅಂತ ಜಡ್ಜ್ ಹೇಗೆ ಹೇಳುತ್ತಾರೆ? ದಿನಾ ಅದೇ ಕೋರ್ಟಿಗೆ ಬರುವ ಲಾಯರನ್ನು ನೀನು ಜನಾಂಗ ನೋಡಿ ತೆಗೆದೆ, ಈಗ ಸುಳ್ಳು ಹೇಳುತ್ತಿದ್ದೀಯ ಅನ್ನಬೇಕು. ಎಷ್ಟು ಜಡ್ಜ್‌ಗಳು ಅನ್ನುತ್ತಾರೆ?

ತೀರ್ಥಹಳ್ಳಿ_ಲಾಯರ್:
ಸರಿಯಾಗಿ ಹೇಳಿದಿರಿ. 1995ರಲ್ಲಿ ಪರ್ಕೆಟ್ ಅನ್ನುವ ಕೇಸಿನಲ್ಲಿ ಪ್ರಾಸಿಕ್ಯೂಟರ್ ಕೊಟ್ಟ ಕಾರಣ ಏನು ಗೊತ್ತಾ? ಒಬ್ಬನಿಗೆ ಉದ್ದ ಕೂದಲು ಇತ್ತು, ಮೀಸೆ, ಹೋತದ ಗಡ್ಡ ಇತ್ತು. ಎರಡನೇ ಹಂತದಲ್ಲಿ ಕೊಡುವ ಕಾರಣ ನಂಬುವ ಹಾಗೆ ಕೂಡ ಇರಬೇಕಾಗಿಲ್ಲ, ಜನಾಂಗದ ಮಾತು ಇಲ್ಲದಿದ್ದರೆ ಸಾಕು ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ನಂಬಬೇಕೋ ಬೇಡವೋ ಅನ್ನುವುದು ಮೂರನೇ ಹಂತದ ಪ್ರಶ್ನೆಯಂತೆ. ನಿಜ ಏನಾಯಿತು ಅಂದರೆ ಲಾಯರುಗಳು ಕಾರಣಗಳನ್ನು ಕಲಿತುಕೊಂಡರು. ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ಕೈ ಕಟ್ಟಿಕೊಂಡು ಕೂತಿದ್ದರು, ಆಸಕ್ತಿ ಇಲ್ಲ ಅನಿಸಿತು. ಯಾರ ಮೇಲೆ ಬೇಕಾದರೂ ಹೊರಿಸಬಹುದಾದ ಮಾತುಗಳು ಇವು.

ಸಿಕ್ಕಿಬಿದ್ದವರೂ ಇದ್ದಾರೆ. ಜಾರ್ಜಿಯಾದ ಫಾಸ್ಟರ್ ಕೇಸು ಹುಡುಕಿ ಓದಿ. 1987ರಲ್ಲಿ ವಿಚಾರಣೆ ಆಗಿ ಮರಣದಂಡನೆ ಕೊಟ್ಟರು. ಸುಮಾರು 20 ವರ್ಷ ಆದಮೇಲೆ ಆರೋಪಿ ಕಡೆಯವರು ಅಲ್ಲಿನ ಮಾಹಿತಿ ಕಾನೂನಿನಲ್ಲಿ ಅರ್ಜಿ ಹಾಕಿ ಪ್ರಾಸಿಕ್ಯೂಟರ್ ಫೈಲು ತರಿಸಿದರು. ಜ್ಯೂರಿ ಪಟ್ಟಿಯಲ್ಲಿ ಕಪ್ಪು ವರ್ಣೀಯರ ಹೆಸರುಗಳಿಗೆಲ್ಲ ಹಸಿರು ಹೈಲೈಟರ್ ಬಳಿದಿದ್ದರು, ಪಕ್ಕದಲ್ಲಿ ಬಿ (ಬ್ಲ್ಯಾಕ್) ಅಂತ ಗುರುತು. ಖಂಡಿತ ಬೇಡ ಅನ್ನುವವರ ಪಟ್ಟಿ ಬೇರೆ. ಅದರಲ್ಲಿ ಆರು ಹೆಸರು, ಮೊದಲ ಐದೂ ಕಪ್ಪು ವರ್ಣೀಯರದು. ಇಷ್ಟು ಇದ್ದೂ ಜಾರ್ಜಿಯಾದ ಕೋರ್ಟುಗಳು ತಾರತಮ್ಯ ಇಲ್ಲ ಅಂದವು. 2016ರಲ್ಲಿ ಸುಪ್ರೀಂ ಕೋರ್ಟ್ 7-1ರಲ್ಲಿ ಶಿಕ್ಷೆ ರದ್ದು ಮಾಡಿತು. ಯೋಚನೆ ಮಾಡಿ, ಆ ಕಾಗದ ಸಿಗದೇ ಹೋಗಿದ್ದರೆ?

ಬಸವನಗುಡಿ_ಬಿಸಿಲು:
ಬೆಂಗಳೂರಿನಿಂದ ಓದುತ್ತಿದ್ದೇನೆ. ಇದನ್ನೆಲ್ಲ ನೋಡಿದರೆ ನಮ್ಮಲ್ಲಿ ಜ್ಯೂರಿ ತೆಗೆದು ಹಾಕಿದ್ದೇ ಒಳ್ಳೇದಾಯ್ತು ಅನಿಸುತ್ತೆ. 1959ರ ನಾನಾವತಿ ಕೇಸಿನಲ್ಲಿ ಜ್ಯೂರಿ 8-1ರಲ್ಲಿ ನಿರಪರಾಧಿ ಅಂದಿತು, ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆ ಆಯ್ತು. ಜಡ್ಜ್ ಒಬ್ಬರೇ ಕಾರಣ ಬರೆದು ತೀರ್ಪು ಕೊಡಲಿ. ತಪ್ಪಾದರೆ ಅಪೀಲು ಇದೆ.

ತೀರ್ಥಹಳ್ಳಿ_ಲಾಯರ್:
ನಿಮ್ಮ ಮಾತಿನಲ್ಲಿ ಹುರುಳಿದೆ ಸರ್, ಕಾರಣ ಬರೆಯದ ತೀರ್ಪು ನನಗೂ ಕಷ್ಟವೇ. ಆದರೆ ನಮ್ಮ ಇತಿಹಾಸದಲ್ಲೇ ಇನ್ನೊಂದು ಪಾಠ ಇದೆ. 1883ರ ಇಲ್ಬರ್ಟ್ ಬಿಲ್ ಗಲಾಟೆ ನೆನಪಿದೆಯಲ್ಲ? ಜಿಲ್ಲೆಗಳಲ್ಲಿ ಭಾರತೀಯ ಜಡ್ಜ್‌ಗಳು ಬಿಳಿಯರ ವಿಚಾರಣೆ ಮಾಡಬಹುದು ಅಂತ ತರಲು ಹೋಗಿ, ಬಿಳಿಯರು ಸಿಡಿದೆದ್ದು, ಕೊನೆಗೆ 1884ರಲ್ಲಿ ರಾಜಿ ಆಯಿತು. ಬಿಳಿಯ ಆರೋಪಿ ಕೇಳಿದರೆ ಜ್ಯೂರಿಯಲ್ಲಿ ಕನಿಷ್ಠ ಅರ್ಧ ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರಬೇಕು. ಜ್ಯೂರಿಯಲ್ಲಿ ಯಾರು ಕೂರುತ್ತಾರೆ ಅನ್ನುವುದೇ ಅಧಿಕಾರ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಮೆರಿಕದಲ್ಲಿ ಜ್ಯೂರಿ ಸಂವಿಧಾನದಲ್ಲೇ ಇದೆ, ಸದ್ಯಕ್ಕೆ ಹೋಗುವುದಿಲ್ಲ. ಹಾಗಿರುವಾಗ ಯಾರು ಒಳಗೆ, ಯಾರು ಹೊರಗೆ ಅನ್ನುವುದರ ಬಗ್ಗೆ ಜಗಳ ಆಡಲೇಬೇಕು.

ಇನ್ನೊಂದು ವಿಷಯ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ಇದೇ ಸುಪ್ರೀಂ ಕೋರ್ಟ್ ಹೇಳಿತ್ತು. ಪೌರತ್ವಕ್ಕೆ ದಾರಿ ತೆರೆದಿದ್ದು 1946ರಲ್ಲಿ. ಇವತ್ತಿಗೂ ಪೌರರಲ್ಲದವರು ಜ್ಯೂರಿ ಆಗುವಂತಿಲ್ಲ, ಗ್ರೀನ್ ಕಾರ್ಡ್ ಇದ್ದರೂ ಇಲ್ಲ. ಅಂದರೆ ನಮ್ಮವರು ಅಲ್ಲಿ ಕೂರುವ ಹಕ್ಕು ಪಡೆದು ಒಂದು ಶತಮಾನ ಕೂಡ ಆಗಿಲ್ಲ.

ಕಾವೇರಿ_ಕಣಿವೆ:
ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಭಾಷೆ ವಿಷಯ? ಬ್ಯಾಟ್ಸನ್ ಜನಾಂಗಕ್ಕೆ ಮಾತ್ರನಾ?

ತೀರ್ಥಹಳ್ಳಿ_ಲಾಯರ್:
ಶುರುವಿನಲ್ಲಿ ಜನಾಂಗ ಮಾತ್ರ. ಆಮೇಲೆ ಬೆಳೆಯಿತು. 1991ರಲ್ಲಿ ಸಿವಿಲ್ ಕೇಸುಗಳಿಗೂ ಬಂತು, 1992ರಲ್ಲಿ ಆರೋಪಿ ಪರ ಲಾಯರಿಗೂ ಅದೇ ನಿಯಮ ಅಂತ ಆಯಿತು. 1994ರಲ್ಲಿ ಹೆಣ್ಣು ಗಂಡು ಅನ್ನುವ ಕಾರಣಕ್ಕೂ ತೆಗೆಯುವಂತಿಲ್ಲ ಅಂದರು. ಮಗುವಿನ ತಂದೆ ಯಾರು ಅನ್ನುವ ಕೇಸು ಅದು, ಅಲಬಾಮಾ ಸರ್ಕಾರ ತನ್ನ 10 ಚಾಲೆಂಜ್‌ಗಳಲ್ಲಿ 9 ಗಂಡಸರ ಮೇಲೆ ಬಳಸಿ ಪೂರ್ತಿ ಹೆಂಗಸರ ಜ್ಯೂರಿ ಮಾಡಿಕೊಂಡಿತ್ತು.

ಭಾಷೆ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟ್ ಕೈ ಕೊಟ್ಟಿತು. 1991ರ ಹರ್ನಾಂಡೆಜ್ ಕೇಸು, ನ್ಯೂಯಾರ್ಕ್. ಸಾಕ್ಷಿಗಳು ಸ್ಪ್ಯಾನಿಷ್ ಮಾತಾಡುವವರು. ಸ್ಪ್ಯಾನಿಷ್ ಗೊತ್ತಿರುವ ಜ್ಯೂರರ್‌ಗಳನ್ನು ಪ್ರಾಸಿಕ್ಯೂಟರ್ ತೆಗೆದರು. ಕೋರ್ಟಿನ ದುಭಾಷಿ ಹೇಳಿದ್ದನ್ನೇ ಒಪ್ಪುತ್ತೀರಾ ಅಂತ ಕೇಳಿದಾಗ ತಡವರಿಸಿದರು, ಬೇರೆ ಕಡೆ ನೋಡಿದರು ಅನ್ನುವುದು ಅವರ ಕಾರಣ. ಇದು ಜನಾಂಗದ ಕಾರಣ ಅಲ್ಲ ಅಂತ ಕೋರ್ಟ್ ಒಪ್ಪಿತು. ಮನೆಯಲ್ಲಿ ಇನ್ನೊಂದು ಭಾಷೆ ಇರುವ ನಮ್ಮಂಥ ಎಲ್ಲರಿಗೂ ಇದು ಹೊಡೆತ. ನಮ್ಮ ಭಾಷೆಯನ್ನು ನಮ್ಮ ಹುಟ್ಟಿನಿಂದ ಹೇಗೆ ಬೇರೆ ಮಾಡುತ್ತೀರಿ?

ಸಿಯಾಟಲ್_ಸಂಪಿಗೆ:
ಅಕ್ಕ, ನಮ್ಮ ವಾಷಿಂಗ್ಟನ್ ರಾಜ್ಯದ್ದು ಹೇಳುತ್ತೇನೆ, ನಿಮಗೆ ಸಮಾಧಾನ ಆಗಬಹುದು. ಇಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಜನರಲ್ ರೂಲ್ 37 ಅಂತ ತಂದಿತು. ಲಾಯರ್ ಮನಸ್ಸಲ್ಲಿ ಏನಿತ್ತು ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಟ್ಟರು. ವಿಷಯ ಗೊತ್ತಿರುವ ಹೊರಗಿನ ಒಬ್ಬ ಮನುಷ್ಯ ನೋಡಿದರೆ, ಇದರಲ್ಲಿ ಜನಾಂಗವೂ ಒಂದು ಕಾರಣ ಇರಬಹುದು ಅಂತ ಅನಿಸಬಹುದಾ? ಅನಿಸಬಹುದು ಅಂದರೆ ಆ ಚಾಲೆಂಜ್ ಬಿತ್ತು. ಯಾರನ್ನೂ ಸುಳ್ಳುಗಾರ ಅನ್ನಬೇಕಾಗಿಲ್ಲ, ಜಡ್ಜ್‌ಗೂ ಸಲೀಸು.

ಇನ್ನೊಂದು ಒಳ್ಳೇದು, ಹಳೇ ನೆಪಗಳ ಪಟ್ಟಿಯನ್ನು ರೂಲಿನಲ್ಲೇ ಬರೆದಿದ್ದಾರೆ. ಪೊಲೀಸರ ಮೇಲೆ ನಂಬಿಕೆ ಇಲ್ಲ ಅಂದರು, ಅಪರಾಧ ಜಾಸ್ತಿ ಇರುವ ಏರಿಯಾದಲ್ಲಿ ಮನೆ ಇದೆ, ಸರ್ಕಾರದ ನೆರವು ತಗೊಳ್ಳುತ್ತಾರೆ, ಮದುವೆ ಆಗದೆ ಮಗು ಇದೆ, ಇಂಗ್ಲಿಷ್ ಮಾತೃಭಾಷೆ ಅಲ್ಲ. ಈ ಕಾರಣ ಕೊಟ್ಟರೆ ಅದು ಅಸಿಂಧು ಅಂತಲೇ ಶುರು ಮಾಡಬೇಕು. ಕಣ್ಣು ತಪ್ಪಿಸಿದರು, ನಿದ್ದೆ ಮಾಡುತ್ತಿದ್ದರು ಅನ್ನುವವರು ಆಗಲೇ ಹೇಳಬೇಕು, ಜಡ್ಜ್ ಅಥವಾ ಎದುರು ಲಾಯರ್ ಕೂಡ ನೋಡಿ ಹೌದು ಅನ್ನಬೇಕು. ಇಲ್ಲದಿದ್ದರೆ ಅದೂ ನಡೆಯುವುದಿಲ್ಲ.

ತೀರ್ಥಹಳ್ಳಿ_ಲಾಯರ್:
ಕ್ಯಾಲಿಫೋರ್ನಿಯಾ ಅದನ್ನೇ ಮಾದರಿ ಮಾಡಿಕೊಂಡು 2020ರಲ್ಲಿ ಕಾನೂನು ಮಾಡಿತು, ಕ್ರಿಮಿನಲ್ ಕೇಸುಗಳಿಗೆ 2022ರ ಜನವರಿ 1ರಿಂದ ಜಾರಿ. ಸೆಕ್ಷನ್ 231.7. ಜನಾಂಗ, ಲಿಂಗ, ಮೂಲ ದೇಶ, ಧರ್ಮ, ಲೈಂಗಿಕ ಒಲವು ಎಲ್ಲ ಸೇರಿದೆ. ಇಲ್ಲಿ ಅಳತೆ ಸ್ವಲ್ಪ ಬಿಗಿ, ಹಾಗೆ ಅನಿಸುವ ಗಟ್ಟಿ ಸಾಧ್ಯತೆ ಇರಬೇಕು. ಇಂಗ್ಲಿಷ್ ಮಾತೃಭಾಷೆ ಅಲ್ಲ ಅನ್ನುವುದರ ಜೊತೆಗೆ, ಇನ್ನೊಂದು ಭಾಷೆ ಬರುತ್ತೆ ಅನ್ನುವುದನ್ನೂ ಅಸಿಂಧು ಕಾರಣಗಳ ಪಟ್ಟಿಗೆ ಹಾಕಿದ್ದಾರೆ. ಹರ್ನಾಂಡೆಜ್ ಕೇಸಿಗೆ ಇದೇ ನೇರ ಉತ್ತರ ಅಂತ ನಾನು ಅಂದುಕೊಂಡಿದ್ದೇನೆ. ಉಡುಪು, ತೋರಿಕೆ ಕೂಡ ಪಟ್ಟಿಯಲ್ಲಿದೆ.

ಮೇಡಂ, ನಿಮಗೆ ಕೇಳಿದ ಪ್ರಶ್ನೆಯನ್ನು ಉಳಿದವರಿಗೆ ಕೇಳಲಿಲ್ಲ ಅಂದಿರಲ್ಲ, ಒಬ್ಬರಿಗೊಂದು ಥರ ಇನ್ನೊಬ್ಬರಿಗೊಂದು ಥರ ಪ್ರಶ್ನೆ ಕೇಳಿದ್ದಾರಾ ಅಂತ ಜಡ್ಜ್ ನೋಡಬೇಕು ಅಂತ ಕಾನೂನಿನಲ್ಲೇ ಇದೆ. ಸುಮ್ನೆ ಸೇರಿಸಿದ ಸಾಲು ಅಲ್ಲ ಅದು. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಅವರನ್ನು ಒಂದೇ ಕೊಲೆ ಕೇಸಿನಲ್ಲಿ ಅದೇ ಪ್ರಾಸಿಕ್ಯೂಟರ್ ಆರು ಸಲ ವಿಚಾರಣೆಗೆ ಎಳೆದರು. ಆರೂ ವಿಚಾರಣೆ ಸೇರಿ, ತೆಗೆಯಲು ಅವಕಾಶ ಇದ್ದ 42 ಕಪ್ಪು ವರ್ಣೀಯರಲ್ಲಿ 41 ಜನರನ್ನು ತೆಗೆದಿದ್ದರು. ಆರನೇ ಸಲ, ತೆಗೆದ ಐದು ಕಪ್ಪು ವರ್ಣೀಯರಿಗೆ ಕೇಳಿದ್ದು ಒಟ್ಟು 145 ಪ್ರಶ್ನೆ. ಆಯ್ಕೆಯಾದ 11 ಬಿಳಿಯರಿಗೆ ಒಟ್ಟು 12. ಕಾರಣ ಸಿಗುವವರೆಗೂ ಕೆದಕುವುದು ಅಂದರೆ ಇದೇ. 2019ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ರದ್ದು ಮಾಡಿತು, 2020ರಲ್ಲಿ ಕೇಸೇ ಕೈಬಿಟ್ಟರು. ಅಷ್ಟರಲ್ಲಿ ಆ ಮನುಷ್ಯ 20 ವರ್ಷಕ್ಕಿಂತ ಜಾಸ್ತಿ ಜೈಲಿನಲ್ಲಿ ಕಳೆದಿದ್ದರು.

ಮರಳುನಾಡ_ಮಲ್ಲಿಗೆ:
ಅರಿಜೋನಾದಿಂದ. ಇಷ್ಟೆಲ್ಲ ಪಟ್ಟಿ, ಅಳತೆ ಯಾಕೆ? ನಮ್ಮಲ್ಲಿ ಪೆರೆಂಪ್ಟರಿಯನ್ನೇ ತೆಗೆದು ಹಾಕಿದರು, 2022ರ ಜನವರಿ 1ರಿಂದ, ಸಿವಿಲ್ ಕ್ರಿಮಿನಲ್ ಎರಡರಲ್ಲೂ. ಯಾರನ್ನಾದರೂ ತೆಗೆಯಬೇಕಾದರೆ ಜಡ್ಜ್ ಮುಂದೆ ಕಾರಣ ಹೇಳಿ ಒಪ್ಪಿಸಿ. ಅದರ ಬದಲು ಪ್ರಶ್ನೆ ಕೇಳುವುದಕ್ಕೆ ಲಾಯರುಗಳಿಗೆ ಜಾಸ್ತಿ ಅವಕಾಶ ಕೊಟ್ಟಿದ್ದಾರೆ. ಬ್ಯಾಟ್ಸನ್ ತೀರ್ಪಿನಲ್ಲೇ ಜಸ್ಟಿಸ್ ಥರ್ಗುಡ್ ಮಾರ್ಷಲ್ ಬೇರೆಯಾಗಿ ಬರೆದು, ಇದನ್ನು ಪೂರ್ತಿ ರದ್ದು ಮಾಡದೆ ತಾರತಮ್ಯ ನಿಲ್ಲುವುದಿಲ್ಲ ಅಂದಿದ್ದರು. ಇಂಗ್ಲೆಂಡಿನಲ್ಲಿ 1977ರಲ್ಲಿ ಏಳರಿಂದ ಮೂರಕ್ಕೆ ಇಳಿಸಿದರು, 1988ರ ಕಾಯ್ದೆಯಲ್ಲಿ ಪೂರ್ತಿ ತೆಗೆದರು. ಅಲ್ಲಿ ಆಕಾಶ ಕಳಚಿ ಬೀಳಲಿಲ್ಲ.

ಟೊರೊಂಟೊ_ತುಂಗೆ:
ಕೆನಡಾದಲ್ಲೂ 2019ರಲ್ಲಿ ತೆಗೆದರು. ಕೋಲ್ಟನ್ ಬುಶಿ ಅನ್ನುವ ಮೂಲನಿವಾಸಿ ಯುವಕನ ಸಾವಿನ ಕೇಸಿನಲ್ಲಿ, ನೋಡಿದರೆ ಮೂಲನಿವಾಸಿ ಅಂತ ಗೊತ್ತಾಗುವ ಎಲ್ಲರನ್ನೂ ಜ್ಯೂರಿಯಿಂದ ತೆಗೆದರು, 2018ರಲ್ಲಿ ಗುಂಡು ಹೊಡೆದ ರೈತನ ಖುಲಾಸೆ ಆಯಿತು. ದೇಶವೆಲ್ಲ ಸಿಟ್ಟಾಯಿತು, ಕಾನೂನು ಬಂತು. ಆದರೆ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆ ಮಾಡಿದವರು ಯಾರು? ಚೌಹಾಣ್ ಅನ್ನುವ ಆರೋಪಿ. ನಮ್ಮಂಥ ಅಲ್ಪಸಂಖ್ಯಾತ ಆರೋಪಿಗಳಿಗೆ ಇದೊಂದು ಅಸ್ತ್ರ ಇತ್ತು, ಅದನ್ನೂ ಕಿತ್ತುಕೊಂಡಿರಿ ಅನ್ನುವುದು ಆ ಕಡೆಯ ವಾದ. ಕೋರ್ಟ್ ಒಪ್ಪಲಿಲ್ಲ, ಕಾನೂನು ಉಳಿಯಿತು. ಆದರೂ ಆ ಮಾತು ನನ್ನನ್ನು ಕಾಡುತ್ತೆ. ಒಬ್ಬ ಜ್ಯೂರರ್ ಕಂದು ಬಣ್ಣದ ಆರೋಪಿಯನ್ನು ನೋಡಿದ ತಕ್ಷಣ ಮುಖ ಗಂಟಿಕ್ಕಿದ ಅಂತ ಇಟ್ಟುಕೊಳ್ಳಿ. ಪ್ರಶ್ನೆ ಕೇಳಿದರೆ ನಾನು ನ್ಯಾಯವಾಗಿ ಇರುತ್ತೇನೆ ಅಂತಾನೆ. ಅವನನ್ನು ಯಾವ ಕಾರಣ ಹೇಳಿ ತೆಗೆಸುತ್ತೀರಿ?

ತೀರ್ಥಹಳ್ಳಿ_ಲಾಯರ್:
ಇದೇ ಕಷ್ಟದ ಪ್ರಶ್ನೆ. ನಾನು ಡಿಫೆನ್ಸ್ ಕಡೆಯವನು, ಆ ಮುಖ ಗಂಟಿಕ್ಕಿದವರನ್ನು ಕೋರ್ಟಿನಲ್ಲಿ ನೋಡಿದ್ದೇನೆ. ಎಲ್ಲ ಜಡ್ಜ್‌ಗಳೂ ಕಾರಣದ ಅರ್ಜಿಯನ್ನು ಧಾರಾಳವಾಗಿ ಒಪ್ಪುವ ಹಾಗಿದ್ದರೆ ಪೆರೆಂಪ್ಟರಿ ಬೇಡ ಅಂತ ನಾನೂ ಹೇಳುತ್ತಿದ್ದೆ. ಹಾಗಿಲ್ಲ. ನಾನು ನ್ಯಾಯವಾಗಿ ಇರುತ್ತೇನೆ ಅಂತ ಒಂದು ಮಾತು ಬಾಯಿಂದ ಬಂದರೆ ಸಾಕು, ಬಹಳ ಜಡ್ಜ್‌ಗಳು ಅವರನ್ನು ಉಳಿಸಿಬಿಡುತ್ತಾರೆ. ಅದಕ್ಕೇ ನಾನು ವಾಷಿಂಗ್ಟನ್ ದಾರಿ ಸರಿ ಅನ್ನುವುದು. ಚಾಲೆಂಜ್ ಇರಲಿ, ಆದರೆ ಕೇಳಿದಾಗ ಕಾರಣ ಕೊಡಲಿ, ಆ ಕಾರಣ ಹೊರಗಿನವರ ಕಣ್ಣಿಗೂ ಸರಿ ಕಾಣಬೇಕು. ಮನಸ್ಸಲ್ಲಿ ಏನಿತ್ತು ಅಂತ ಹುಡುಕುವುದು ಬೇಡ. ಹೊರಗೆ ಹೋದ ಮನುಷ್ಯನಿಗೆ ಏನಾಯಿತು ಅಂತ ನೋಡೋಣ.

ಬಸವನಗುಡಿ_ಬಿಸಿಲು:
ಒಂದು ಅನುಮಾನ. ಜಾತಿ? ಅಲ್ಲಿ ಭಾರತೀಯರ ನಡುವಿನ ಕೇಸು ಬಂದು, ಭಾರತೀಯ ಜ್ಯೂರರ್ ಇದ್ದರೆ, ಜಾತಿ ನೋಡಿ ತೆಗೆದರೆ?

ತೀರ್ಥಹಳ್ಳಿ_ಲಾಯರ್:
231.7ರಲ್ಲಿ ಜಾತಿ ಅನ್ನುವ ಪದ ಇಲ್ಲ. ಜಾತಿ ತಾರತಮ್ಯವನ್ನು ಹೆಸರು ಹಿಡಿದು ನಿಷೇಧಿಸುವ ಮಸೂದೆ 2023ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯಲ್ಲಿ ಪಾಸಾಯಿತು, ಗವರ್ನರ್ ನ್ಯೂಸಮ್ ವೀಟೋ ಮಾಡಿದರು. ಈಗಿರುವ ಕಾನೂನುಗಳಲ್ಲೇ ಅದು ಬರುತ್ತೆ ಅನ್ನುವುದು ಅವರ ಕಾರಣ. ಆ ತರ್ಕ ಹಿಡಿದು ಜ್ಯೂರಿ ವಿಷಯದಲ್ಲೂ ವಾದ ಮಾಡಬಹುದು. ನನ್ನ ಮುಂದೆ ಅಂಥ ಕೇಸು ಬಂದರೆ ಖಂಡಿತ ಮಾಡುತ್ತೇನೆ.

ಮರಳುನಾಡ_ಮಲ್ಲಿಗೆ:
ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸಮನ್ಸ್ ಬಂದರೆ ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಬರೆದುಬಿಡಿ, ಬಿಟ್ಟುಬಿಡುತ್ತಾರೆ ಅಂತ ಸಲಹೆ ಕೊಡುವವರು ತುಂಬ ಜನ ಇದ್ದಾರೆ. ಇದನ್ನು ದಯವಿಟ್ಟು ನಿಲ್ಲಿಸಿ. ಆ ಫಾರಂನಲ್ಲಿ ಸುಳ್ಳು ಬರೆಯುವುದು ಅಪರಾಧ, ಅದು ಒಂದು ಕಡೆ. ಇನ್ನೊಂದು ಕಡೆ, ಕಾವೇರಿ ಅವರಿಗೆ ಆದದ್ದು ನೋಡಿ. ಈ ಜನರಿಗೆ ಇಂಗ್ಲಿಷ್ ಬರಲ್ಲ, ಇವರಿಗೆ ಆಸಕ್ತಿ ಇಲ್ಲ ಅನ್ನುವ ಅಭಿಪ್ರಾಯಕ್ಕೆ ನಾವೇ ಪುರಾವೆ ಒದಗಿಸಿದ ಹಾಗಾಗುತ್ತೆ.

ಕಾವೇರಿ_ಕಣಿವೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ತೀರ್ಥಹಳ್ಳಿ ಸರ್, ಇನ್ನೊಂದೇ ಪ್ರಶ್ನೆ. ಈಗ ನಾನು ದೂರು ಕೊಡಬಹುದಾ? ಅವತ್ತು ನಾನೇ ಎದ್ದು ಕೇಳಬಹುದಿತ್ತಾ?

ತೀರ್ಥಹಳ್ಳಿ_ಲಾಯರ್:
ತಾರತಮ್ಯ ಇಲ್ಲದೆ ಜ್ಯೂರಿಯಲ್ಲಿ ಕೂರುವುದು ಜ್ಯೂರರ್‌ನ ಸ್ವಂತ ಹಕ್ಕು ಅಂತ 1991ರ ಪವರ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆಕ್ಷೇಪಣೆ ಎತ್ತಬೇಕಾದವರು ಕೇಸಿನ ಇನ್ನೊಂದು ಪಕ್ಷದವರು, ಇಲ್ಲವೇ ಜಡ್ಜ್ ತಾವಾಗಿಯೇ ಎತ್ತಬಹುದು, ಅದೂ ಜ್ಯೂರಿ ಪೂರ್ತಿ ಆಗುವ ಮೊದಲು. ಈ ಚರ್ಚೆ ಉಳಿದ ಜ್ಯೂರರ್‌ಗಳ ಎದುರು ನಡೆಯುವುದಿಲ್ಲ, ಹಾಗಾಗಿ ಆಕ್ಷೇಪಣೆ ಎತ್ತಿದ್ದರೂ ನಿಮಗೆ ಅದು ಕೇಳಿಸದೆ ಇರಬಹುದು. ಜಡ್ಜ್ ಒಪ್ಪಿದರೆ ತೆಗೆದವರನ್ನು ವಾಪಸ್ ಕೂರಿಸಬಹುದು, ಆಯ್ಕೆಯನ್ನು ಹೊಸದಾಗಿ ಶುರು ಮಾಡಬಹುದು, ಎದುರು ಪಕ್ಷಕ್ಕೆ ಹೆಚ್ಚು ಚಾಲೆಂಜ್ ಕೊಡಬಹುದು.

ಈಗ ನಿಮ್ಮ ಸೀಟು ವಾಪಸ್ ಬರುವುದಿಲ್ಲ. ಆರೋಪಿಗೆ ಶಿಕ್ಷೆ ಆಗಿ ಅಪೀಲು ಹೋದರೆ ಮಾತ್ರ, ಅವತ್ತು ಆಕ್ಷೇಪಣೆ ದಾಖಲಾಗಿದ್ದರೆ, ನಿಮ್ಮ ಪ್ರಶ್ನೋತ್ತರವನ್ನು ಮೇಲಿನ ಕೋರ್ಟ್ ಸಾಲು ಸಾಲಾಗಿ ಓದುತ್ತೆ. ನೀವು ಫಾರ್ಮಸಿಸ್ಟ್ ಅಂತ, ದಿನವಿಡೀ ಇಂಗ್ಲಿಷಿನಲ್ಲೇ ಕೆಲಸ ಅಂತ ಗಟ್ಟಿಯಾಗಿ ಹೇಳಿದ್ದು ಆ ದಾಖಲೆಯಲ್ಲಿ ಇರುತ್ತೆ.

ಸಿಯಾಟಲ್_ಸಂಪಿಗೆ:
ಸರ್, ಸಿವಿಲ್ ಕೇಸುಗಳಿಗೂ ನಿಮ್ಮಲ್ಲಿ ಈ ಪಟ್ಟಿ ಬಂತಾ? ನಮ್ಮ ಅಣ್ಣನಿಗೆ ಅಲ್ಲಿ ಮುಂದಿನ ವಾರ ಸಮನ್ಸ್ ಇದೆ.

ತೀರ್ಥಹಳ್ಳಿ_ಲಾಯರ್:
ಹೌದು, 2026ರ ಜನವರಿ 1ರಿಂದ ಸಿವಿಲ್ ಕೇಸಿಗೂ ಅದೇ ನಿಯಮ. ಅಣ್ಣನಿಗೆ ಹೋಗೋಕೆ ಹೇಳಿ. ಮನೆಯಲ್ಲಿ ಯಾವ ಭಾಷೆ ಅಂತ ಕೇಳಿದರೆ ಕನ್ನಡ ಅಂತಲೇ ಹೇಳಲಿ, ಇಂಗ್ಲಿಷಿನಲ್ಲಿ ಏನು ಕೆಲಸ ಮಾಡುತ್ತಾರೆ ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಲಿ. ತಲೆ ಆಡಿಸಿದರೆ ದಾಖಲೆಗೆ ಬರುವುದಿಲ್ಲ, ಬಾಯಿಬಿಟ್ಟು ಹೇಳಬೇಕು.